ಗಾಳಿಯಲ್ಲಿ ಸಿಗ್ನಲ್ ಇದೆ, ಬಿಡಿಸುವ ಚಿಪ್ ಎಲ್ಲಿ?

ಇಂಟರ್‌ನೆಟ್ ಬೇಡ, ಡೇಟಾ ಪ್ಯಾಕ್ ಬೇಡ, ಫೋನಿನಲ್ಲೇ ಟಿವಿ ಬರುತ್ತದೆ ಅನ್ನುವ ಸುದ್ದಿ ಕೆಲವು ವರ್ಷಗಳಿಂದ ಆಗಾಗ ತಲೆ ಎತ್ತುತ್ತಿದೆ. ಇದಕ್ಕೆ ಡೈರೆಕ್ಟ್ ಟು ಮೊಬೈಲ್ ಅಂತ ಹೆಸರು, ಚಿಕ್ಕದಾಗಿ ಡಿ2ಎಂ. 2023ರಲ್ಲಿ ಬೆಂಗಳೂರು, ದೆಹಲಿಯ ಕರ್ತವ್ಯ ಪಥ, ನೋಯ್ಡಾಗಳಲ್ಲಿ ಇದರ ಪ್ರಯೋಗ ನಡೆಯಿತು. 19 ನಗರಗಳಲ್ಲಿ ಪರೀಕ್ಷೆ ಮಾಡುತ್ತೇವೆ ಅಂತ 2024ರ ಜನವರಿಯಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಾರ್ಯದರ್ಶಿ ಹೇಳಿದರು. 2025ರಲ್ಲಿ ಎಚ್‌ಎಂಡಿ, ಲಾವಾ ಕಂಪನಿಗಳು ಇಂಥ ಫೋನ್ ತರುವ ಮಾತಾಡಿದವು. ಆದರೂ ಈಗ ನಮ್ಮ ಜೇಬಿನಲ್ಲಿರುವ ಫೋನುಗಳಲ್ಲಿ ಆ ಸೌಲಭ್ಯ ಇಲ್ಲ.

ತಡ ಯಾಕೆ? ಟವರ್ ಹಾಕಿ ಸಿಗ್ನಲ್ ಬಿಡುವುದು ದೂರದರ್ಶನಕ್ಕೆ ಹೊಸದೇನಲ್ಲ. ತೊಡಕಿರುವುದು ಈ ಕಡೆ, ಫೋನಿನ ಒಳಗೆ. ಬಂದ ಸಿಗ್ನಲನ್ನು ಡೀಮಾಡ್ಯುಲೇಟ್ ಮಾಡುವ ಚಿಪ್ ಅದರಲ್ಲಿ ಇಲ್ಲ. ಈ ಡೀಮಾಡ್ಯುಲೇಟ್ ಅನ್ನುವ ಕೆಲಸ ಎಂಥದ್ದು, ಅದನ್ನು ಮಾಡುವ ಚಿಪ್ ಫೋನಿನಲ್ಲಿ ಇರಬೇಕೋ ಬೇಡವೋ ಅಂತ ಯಾರು ತೀರ್ಮಾನ ಮಾಡುತ್ತಾರೆ ಅಂತ ನೋಡಿದರೆ ಈ ತಡದ ಬುಡ ಸಿಗುತ್ತದೆ. ನನಗನ್ನಿಸುವ ಪ್ರಕಾರ ಇದರಲ್ಲಿ ಎಂಜಿನಿಯರಿಂಗ್ ಕಾಲು ಭಾಗ, ವ್ಯಾಪಾರ ಮುಕ್ಕಾಲು ಭಾಗ.

ಮೊದಲು ಸುಲಭದ್ದನ್ನೇ ನೋಡೋಣ. ಆಕಾಶವಾಣಿ ಬೆಂಗಳೂರು ಮೀಡಿಯಂ ವೇವ್‌ನಲ್ಲಿ ಬರುವುದು 612 ಕಿಲೋಹರ್ಟ್ಸ್‌ನಲ್ಲಿ. ಅಂದ್ರೆ ಆ ಅಲೆ ಸೆಕೆಂಡಿಗೆ 6 ಲಕ್ಷದ 12 ಸಾವಿರ ಸಲ ಮೇಲೆ ಕೆಳಗೆ ಆಡುತ್ತದೆ. ಮನುಷ್ಯರ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20 ಸಾವಿರದವರೆಗೆ. ಹಾಗಾಗಿ ಆ ಅಲೆಯನ್ನು ನೇರವಾಗಿ ಸ್ಪೀಕರಿಗೆ ಕೊಟ್ಟರೆ ಏನೂ ಕೇಳಿಸುವುದಿಲ್ಲ. ವಾರ್ತೆ ಓದುವವರ ದನಿ ಇರುವುದು ಅಲೆಯ ಎತ್ತರದಲ್ಲಿ. ದನಿಯ ಏರಿಳಿತಕ್ಕೆ ತಕ್ಕಂತೆ ಅಲೆಯ ಎತ್ತರ ಜಾಸ್ತಿ ಕಡಿಮೆ ಆಗುತ್ತಿರುತ್ತದೆ. ಹೀಗೆ ದನಿಯನ್ನು ಅಲೆಯ ಮೇಲೆ ಹೇರುವುದು ಮಾಡ್ಯುಲೇಟ್ ಮಾಡುವುದು. ಅದನ್ನು ಮತ್ತೆ ಕೆಳಗಿಳಿಸುವುದು ಡೀಮಾಡ್ಯುಲೇಟ್ ಮಾಡುವುದು. ಮನೆಯಲ್ಲಿರುವ ಮೋಡೆಮ್ ಈ ಎರಡೂ ಕೆಲಸ ಮಾಡುತ್ತದೆ. ಅದರ ಹೆಸರು ಹುಟ್ಟಿದ್ದೂ ಇದರಿಂದಲೇ.

ಮೀಡಿಯಂ ವೇವ್‌ನಲ್ಲಿ ಇಳಿಸುವ ಕೆಲಸ ಎಷ್ಟು ಸಲೀಸು ಅಂದ್ರೆ, ಒಂದು ಡಯೋಡು, ಒಂದು ಕೆಪಾಸಿಟರ್ ಸಾಕು. ಡಯೋಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಅಲೆಯ ಕೆಳಗಿನ ಅರ್ಧ ಅಲ್ಲೇ ನಿಂತುಹೋಗುತ್ತದೆ. ಉಳಿದ ಮೇಲಿನ ಅರ್ಧದ ಚೂಪು ಚೂಪು ತುದಿಗಳ ನಡುವಿನ ಸಂದನ್ನು ಕೆಪಾಸಿಟರ್ ತುಂಬುತ್ತದೆ. ಆಗ ತುದಿಗಳ ಮೇಲೆ ಗೆರೆ ಎಳೆದಂತೆ ದನಿಯ ಆಕಾರ ಎದ್ದು ಬರುತ್ತದೆ. ಇಷ್ಟನ್ನೇ ಇಟ್ಟುಕೊಂಡು, ಬ್ಯಾಟರಿಯೂ ಇಲ್ಲದೆ, ಉದ್ದನೆಯ ತಂತಿ ಕಟ್ಟಿ ಹೆಡ್‌ಫೋನಿನಲ್ಲಿ ರೇಡಿಯೊ ಕೇಳುವ ಕ್ರಿಸ್ಟಲ್ ಸೆಟ್ಟುಗಳನ್ನು ಹಿಂದೆ ಹುಡುಗರು ಮನೆಯಲ್ಲೇ ಜೋಡಿಸುತ್ತಿದ್ದರು. ಅದರಲ್ಲಿ ಡಯೋಡಿನ ಜಾಗದಲ್ಲಿ ಇರುತ್ತಿದ್ದದ್ದು ಗೆಲೀನಾ ಅನ್ನುವ ಸೀಸದ ಅದಿರಿನ ಹರಳು. ಗೆಲೀನಾ ಬಳಸಿ ಅಲೆ ಹಿಡಿಯುವ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಕಲ್ಕತ್ತದ ಜಗದೀಶ್ ಚಂದ್ರ ಬೋಸ್.

ಎಫ್‌ಎಂನಲ್ಲಿ ದನಿ ಕೂತಿರುವುದು ಎತ್ತರದಲ್ಲಿ ಅಲ್ಲ, ಅಲೆ ಮೇಲೆ ಕೆಳಗೆ ಆಡುವ ವೇಗದಲ್ಲಿ. ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಅನ್ನುವುದೇ ದನಿಯ ಜೊತೆ ಚೂರು ಚೂರು ಬದಲಾಗುತ್ತದೆ. ಸಿಡಿಲು, ಮಿಕ್ಸಿ, ಬೈಕಿನ ಪ್ಲಗ್ಗು ಇವೆಲ್ಲ ಕೆಡಿಸುವುದು ಹೆಚ್ಚಾಗಿ ಅಲೆಯ ಎತ್ತರವನ್ನು. ಎಫ್‌ಎಂ ರಿಸೀವರ್ ಎತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಳೆಗಾಲದ ಸಂಜೆ ಮೀಡಿಯಂ ವೇವ್ ಕರಕರ ಅನ್ನುವಾಗ ಎಫ್‌ಎಂ ತಣ್ಣಗೆ ಹಾಡುವುದು ಇದಕ್ಕೇ.

ಡಿಜಿಟಲ್‌ನಲ್ಲಿ ಕೆಲಸ ಬೇರೆ ಥರ. ಅಲ್ಲಿ ಹೇರುವುದು ಸೊನ್ನೆ ಒಂದುಗಳನ್ನು. ಡಿ2ಎಂಗೆ ಆರಿಸಿಕೊಂಡಿರುವ ಎಟಿಎಸ್‌ಸಿ 3.0 ಅನ್ನುವ ಪದ್ಧತಿಯಲ್ಲಿ ಒಂದೇ ಚಾನೆಲ್ಲಿನ ಜಾಗದಲ್ಲಿ ಸಾವಿರಾರು ಸಣ್ಣ ಸಣ್ಣ ಅಲೆಗಳು ಅಕ್ಕಪಕ್ಕ ಓಡುತ್ತವೆ. ಪ್ರತಿ ಅಲೆಗೂ ಒಂದು ಎತ್ತರ, ಒಂದು ಕೋನ. ಆ ಎರಡೂ ಸೇರಿದರೆ ನಕ್ಷೆಯ ಮೇಲೆ ಒಂದು ಚುಕ್ಕೆ. 16 ಚುಕ್ಕೆಗಳ ನಕ್ಷೆಯಾದರೆ ಒಂದು ಚುಕ್ಕೆಗೆ 4 ಬಿಟ್, ಅಂದ್ರೆ ನಾಲ್ಕು ಸೊನ್ನೆ ಒಂದುಗಳು, 256ರದ್ದಾದರೆ 8 ಬಿಟ್. ಬಂದ ಅಲೆ ಯಾವ ಚುಕ್ಕೆಯದು ಅಂತ ಚಿಪ್ ಪ್ರತಿ ಕ್ಷಣ ತೀರ್ಮಾನ ಮಾಡುತ್ತಾ ಹೋಗಬೇಕು. ಗದ್ದಲ ಹೆಚ್ಚಾದರೆ ಚುಕ್ಕೆಗಳು ಒಂದರ ಮೇಲೊಂದು ಹರಡಿಕೊಳ್ಳುತ್ತವೆ, ಊಹೆ ತಪ್ಪುತ್ತದೆ. ಸ್ವಲ್ಪ ತಪ್ಪಾದರೆ ತಿದ್ದಿಕೊಳ್ಳುವ ಲೆಕ್ಕ ಒಳಗೇ ಇದೆ. ಮಿತಿ ದಾಟಿತೋ, ಒಮ್ಮೆಲೇ ಎಲ್ಲ ಹೋಗುತ್ತದೆ. ಜೋರು ಮಳೆಗೆ ಡಿಟಿಎಚ್ ಚಿತ್ರ ಮೊದಲು ಚೌಕ ಚೌಕವಾಗಿ, ಆಮೇಲೆ ಪೂರ್ತಿ ನಿಂತುಬಿಡುತ್ತದಲ್ವಾ, ಅದು ಈ ಮಿತಿ ದಾಟಿದ ಗುರುತು. ಹಳೇ ಆಂಟೆನಾ ಟಿವಿಯಲ್ಲಿ ಹಾಗಾಗುತ್ತಿರಲಿಲ್ಲ. ಚಿತ್ರ ಮಸುಕಾಗುತ್ತಾ, ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆ ತುಂಬಿಕೊಂಡರೂ, ರನ್ ಎಷ್ಟು ಅಂತ ಕಣ್ಣು ಕಿರಿದು ಮಾಡಿ ನೋಡಬಹುದಿತ್ತು.

ಇನ್ನೊಂದು ವಿಷಯವನ್ನು ಇಲ್ಲೇ ಬಿಡಿಸಿಟ್ಟುಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಡೀಮಾಡ್ಯುಲೇಟ್, ಡಿಕೋಡ್, ಡಿಕ್ರಿಪ್ಟ್ ಈ ಮೂರನ್ನೂ ಸುದ್ದಿಗಳಲ್ಲಿ ಒಂದೇ ಅನ್ನುವ ಹಾಗೆ ಬಳಸುತ್ತಾರೆ. ಮೂರೂ ಬೇರೆ. ಅಲೆಯಿಂದ ಸೊನ್ನೆ ಒಂದುಗಳನ್ನು ಇಳಿಸಿಕೊಳ್ಳುವುದು ಮೊದಲನೆಯದು. ಆ ಸೊನ್ನೆ ಒಂದುಗಳ ಸಾಲಿನಿಂದ ಚಿತ್ರ, ದನಿ ಕಟ್ಟುವುದು ಎರಡನೆಯದು. ಕಳಿಸಿದವರು ನಡುವೆ ಬೀಗ ಹಾಕಿದ್ದರೆ ಅದನ್ನು ಕೀಲಿಯಿಂದ ತೆಗೆಯುವುದು ಮೂರನೆಯದು. ದುಡ್ಡು ಕಟ್ಟದ ಡಿಟಿಎಚ್ ಬಾಕ್ಸ್ ಅಲೆಯನ್ನು ಚೆನ್ನಾಗಿಯೇ ಡೀಮಾಡ್ಯುಲೇಟ್ ಮಾಡುತ್ತಿರುತ್ತದೆ. ಬೀಗ ಮಾತ್ರ ತೆಗೆಯುವುದಿಲ್ಲ. ಸಿಗ್ನಲ್ ಇಲ್ಲದಿರುವುದು ಒಂದು ಸಮಸ್ಯೆ, ಸಿಗ್ನಲ್ ಬಂದೂ ನೋಡಗೊಡದಿರುವುದು ಇನ್ನೊಂದು ಸಮಸ್ಯೆ.

ಈಗ ವ್ಯಾಪಾರದ ಭಾಗಕ್ಕೆ ಬರೋಣ. ಅದಕ್ಕೆ ಒಳ್ಳೆಯ ಉದಾಹರಣೆ ಡಿ2ಎಂ ಅಲ್ಲ, ಫೋನಿನ ಎಫ್‌ಎಂ.

ಹತ್ತು ಹದಿನೈದು ವರ್ಷಗಳ ಹಿಂದೆ ಸಾವಿರ ರೂಪಾಯಿ ಆಸುಪಾಸಿನ ಕೀಪ್ಯಾಡ್ ಫೋನಿನಲ್ಲೂ ಎಫ್‌ಎಂ ಇರುತ್ತಿತ್ತು. ಈಗ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿ ಫೋನಿನಲ್ಲಿ ಇರುವುದಿಲ್ಲ. ಚಿಪ್ ದುಬಾರಿಯಾಯಿತು ಅಂತ ಅಲ್ಲ. ವೈಫೈ, ಬ್ಲೂಟೂತ್, ಎಫ್‌ಎಂ ಮೂರೂ ಸೇರಿದ ಒಂದೇ ಚಿಪ್ ಎಷ್ಟೋ ಫೋನುಗಳಲ್ಲಿ ಬಂದಿದೆ. ಕೆಲವು ಫೋನುಗಳಲ್ಲಿ ಎಫ್‌ಎಂ ಭಾಗಕ್ಕೆ ತಂತಿ ಜೋಡಿಸಿಯೇ ಇಲ್ಲ, ಇನ್ನು ಕೆಲವದರಲ್ಲಿ ಸಾಫ್ಟ್‌ವೇರಿನಲ್ಲಿ ಮುಚ್ಚಿಟ್ಟಿದ್ದಾರೆ. ತಾಂತ್ರಿಕ ಕಾರಣ ಒಂದಿದೆ, ಅದನ್ನು ಒಪ್ಪಬೇಕು. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್. ಅದನ್ನು ಹಿಡಿಯಲು ಅದರ ಕಾಲು ಭಾಗ, ಅಂದ್ರೆ 75 ಸೆಂಟಿಮೀಟರಿನ ಆಂಟೆನಾ ಇದ್ದರೆ ಒಳ್ಳೆಯದು. ಫೋನಿನೊಳಗೆ ಅಷ್ಟು ಉದ್ದದ್ದು ಹಿಡಿಸುವುದಿಲ್ಲ. ಅದಕ್ಕೇ ಇಯರ್‌ಫೋನಿನ ತಂತಿಯನ್ನೇ ಆಂಟೆನಾ ಮಾಡಿಕೊಂಡಿದ್ದರು. ಇಯರ್‌ಫೋನ್ ಚುಚ್ಚದೆ ಎಫ್‌ಎಂ ಹಾಕಿದರೆ ಫೋನು ಒಪ್ಪುತ್ತಿರಲಿಲ್ಲವಲ್ಲ, ಅದು ಇದಕ್ಕೇ. ಆಮೇಲೆ ಇಯರ್‌ಫೋನಿನ ತೂತೇ ಹೋಯಿತು. ಬ್ಲೂಟೂತ್ ಬಡ್ಸ್ ಬಂದವು. ಆಂಟೆನಾ ಅದರ ಜೊತೆ ಹೋಯಿತು.

ಆದರೆ ಇದರಿಂದ ಯಾರಿಗೆ ಲಾಭ ಅಂತಲೂ ಕೇಳಬೇಕಲ್ವಾ? ಪುಕ್ಕಟೆ ಎಫ್‌ಎಂ ಕೇಳುವವರಿಂದ ಫೋನ್ ಕಂಪನಿಗೂ ಏನೂ ಬರುವುದಿಲ್ಲ, ಡೇಟಾ ಮಾರುವವರಿಗೂ ಬರುವುದಿಲ್ಲ. ಅದೇ ಹಾಡನ್ನು ಆ್ಯಪ್‌ನಲ್ಲಿ ಕೇಳಿದರೆ ಡೇಟಾ ಖರ್ಚಾಗುತ್ತದೆ, ಜಾಹೀರಾತು ಓಡುತ್ತದೆ. ಹೀಗಿರುವಾಗ ಎಫ್‌ಎಂ ಉಳಿಸಿಕೊಳ್ಳಲು ಯಾರೂ ತಲೆ ಕೆಡಿಸಿಕೊಳ್ಳದಿದ್ದದ್ದು ಆಶ್ಚರ್ಯವೇನಲ್ಲ.

ಸರ್ಕಾರಗಳು ಎಚ್ಚೆತ್ತದ್ದು ವಿಪತ್ತುಗಳು ಬಂದಮೇಲೆ. 2017ರಲ್ಲಿ ಹಾರ್ವೆ, ಇರ್ಮಾ, ಮರಿಯಾ ಚಂಡಮಾರುತಗಳು ಅಮೆರಿಕವನ್ನು ಹಿಂದೆ ಮುಂದೆ ಹೊಡೆದಾಗ, ಐಫೋನಿನಲ್ಲಿರುವ ಎಫ್‌ಎಂ ಚಿಪ್ ಚಾಲೂ ಮಾಡಿ ಅಂತ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿಯ ಅಧ್ಯಕ್ಷ ಅಜಿತ್ ಪೈ ಆ್ಯಪಲ್‌ಗೆ ಬಹಿರಂಗವಾಗಿ ಹೇಳಿದರು. ಐಫೋನ್ 7 ಮತ್ತು 8ರಲ್ಲಿ ಎಫ್‌ಎಂ ಚಿಪ್ ಇಲ್ಲ, ಆಂಟೆನಾವೂ ಇಲ್ಲ ಅಂತ ಆ್ಯಪಲ್ ಉತ್ತರ ಕೊಟ್ಟಿತು. ಮಾತು ಅಲ್ಲಿಗೆ ಮುಗಿಯಿತು. ನಮ್ಮಲ್ಲಿ 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಫೋನ್ ತಯಾರಕರ ಸಂಘಗಳಿಗೆ ಒಂದು ಸಲಹೆ ಕಳಿಸಿತು. ಎಫ್‌ಎಂ ಇರುವ ಫೋನಿನಲ್ಲಿ ಅದನ್ನು ಮುಚ್ಚಬೇಡಿ, ಇಲ್ಲದಿದ್ದರೆ ಸೇರಿಸಿ ಅನ್ನುವುದು ಅದರ ಸಾರ. ಸಲಹೆ ಅಷ್ಟೇ, ಕಡ್ಡಾಯ ಅಲ್ಲ.

2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಟ್ಟಿಗೆ ಕಿರುಚಿದ್ದು ನೆನಪಿರಬಹುದು. ಅದು ತುರ್ತು ಎಚ್ಚರಿಕೆಯ ಪರೀಕ್ಷೆ. ಒಳ್ಳೆಯ ವ್ಯವಸ್ಥೆ, ಆದರೆ ಅದು ಬರುವುದು ಮೊಬೈಲ್ ಟವರಿನಿಂದ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದಾಗ ಎಷ್ಟೋ ಕಡೆ ಕರೆಂಟೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಟವರಿನ ಬ್ಯಾಟರಿ ಮುಗಿದರೆ, ಫೈಬರ್ ಕಡಿದರೆ ಎಚ್ಚರಿಕೆ ಬರುವ ದಾರಿಯೇ ಇಲ್ಲ. ದೂರದ ಒಂದೇ ಎಫ್‌ಎಂ ಟ್ರಾನ್ಸ್‌ಮಿಟರ್ ನಡೆಯುತ್ತಿದ್ದರೆ ಸುತ್ತಲ ಹತ್ತಾರು ಕಿಲೋಮೀಟರ್ ಜನ ಕೇಳಿಸಿಕೊಳ್ಳಬಹುದು. ಅವರ ಕೈಯಲ್ಲಿ ರೇಡಿಯೊ ಇರಬೇಕಷ್ಟೆ.

ಸಮುದ್ರದಲ್ಲಿ ಇದೇ ತೊಂದರೆ ಇನ್ನೂ ಬಲವಾಗಿದೆ. ಮಲ್ಪೆಯಿಂದಲೋ ಕಾರವಾರದಿಂದಲೋ ಹೊರಟ ಬೋಟು ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗುವುದಿಲ್ಲ. 2017ರ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕಡಲಲ್ಲಿದ್ದ ಎಷ್ಟೋ ಮೀನುಗಾರರಿಗೆ ಸುದ್ದಿಯೇ ಮುಟ್ಟಲಿಲ್ಲ. ಆಮೇಲೆ 2019ರಲ್ಲಿ ಜೆಮಿನಿ ಅನ್ನುವ ಪುಟ್ಟ ಪೆಟ್ಟಿಗೆ ತಂದರು. ಗಗನ್ ಉಪಗ್ರಹ ವ್ಯವಸ್ಥೆಯಿಂದ ಬರುವ ಸಂದೇಶವನ್ನು ಅದು ಬಿಡಿಸಿ, ಬ್ಲೂಟೂತ್ ಮೂಲಕ ಫೋನಿಗೆ ಕೊಡುತ್ತದೆ. ಅಂದ್ರೆ ಫೋನು ಪರದೆಯಾಗಿ ಮಾತ್ರ ಕೆಲಸ ಮಾಡುತ್ತದೆ. ಅಸಲಿ ಕೆಲಸಕ್ಕೆ ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು, ಚಾರ್ಜ್ ಮಾಡಬೇಕು, ನೀರು ತಾಗದ ಹಾಗೆ ನೋಡಿಕೊಳ್ಳಬೇಕು.

ಇನ್ನು ಡಿ2ಎಂ ವಾದ. ಒಂದು ಕ್ರಿಕೆಟ್ ಮ್ಯಾಚನ್ನು ಹತ್ತು ಲಕ್ಷ ಜನ ಫೋನಿನಲ್ಲಿ ನೋಡಿದರೆ ಮೊಬೈಲ್ ನೆಟ್‌ವರ್ಕ್ ಬಹುಮಟ್ಟಿಗೆ ಹತ್ತು ಲಕ್ಷ ಸಲ ಅದೇ ಚಿತ್ರ ಕಳಿಸುತ್ತದೆ. ಪ್ರಸಾರದಲ್ಲಾದರೆ ಒಂದೇ ಸಲ. ಹಾಗಾಗಿ 470ರಿಂದ 582 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು ಇದಕ್ಕೇ ಮೀಸಲಿಡಬೇಕು ಅನ್ನುವುದು ಪ್ರಸಾರದ ಕಡೆಯವರ ಪಟ್ಟು. ಇದರ ಚಿಪ್ ಮಾಡಿದ್ದು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್. 2007ರಲ್ಲಿ ಶುರುವಾದ ಈ ಕಂಪನಿಯನ್ನು ಟಾಟಾ ಬಳಗದ ತೇಜಸ್ ನೆಟ್‌ವರ್ಕ್ಸ್ ಕೊಂಡುಕೊಂಡಿದೆ. ಚಿಪ್ ನಮ್ಮದೇ, ಐಐಟಿ ಕಾನ್ಪುರದ ಸಂಶೋಧನೆ ಇದೆ, ಪ್ರಸಾರ ಭಾರತಿಯ ಟವರುಗಳಿವೆ. ಇಷ್ಟಿದ್ದೂ ದೊಡ್ಡ ದೊಡ್ಡ ಕಂಪನಿಗಳು ಒಪ್ಪುತ್ತಿಲ್ಲ. ಕ್ವಾಲ್‌ಕಾಮ್, ಸ್ಯಾಮ್‌ಸಂಗ್, ಎರಿಕ್ಸನ್, ನೋಕಿಯಾಗಳು ಇದನ್ನು ವಿರೋಧಿಸಿವೆ ಅಂತ 2023ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಫೋನಿನ ಬೆಲೆ 30 ಡಾಲರ್ ಏರುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ, ಮೊಬೈಲ್ ಸಿಗ್ನಲಿಗೂ ಅಡ್ಡಿಯಾಗಬಹುದು ಅನ್ನುವುದು ಅವರ ತಕರಾರು.

ಈ ತಕರಾರಿನಲ್ಲಿ ಸತ್ಯ ಎಷ್ಟು? ಡೀಮಾಡ್ಯುಲೇಟ್ ಮಾಡುವ ಶಕ್ತಿ ಫೋನಿಗೆ ಇಲ್ಲ ಅನ್ನುವ ಹಾಗಿಲ್ಲ. 4ಜಿ, 5ಜಿ ಫೋನು ಪ್ರತಿ ಸೆಕೆಂಡು ಇದೇ ಬಗೆಯ ಕೆಲಸವನ್ನು, ಇದಕ್ಕಿಂತ ಕಷ್ಟದ್ದನ್ನು, ಮಾಡುತ್ತಲೇ ಇರುತ್ತದೆ. ಆದರೆ ಆಂಟೆನಾದ ಮಾತು ನಿಜ. 500 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ ಅಂದ್ರೆ 15 ಸೆಂಟಿಮೀಟರ್, ಹೆಚ್ಚುಕಡಿಮೆ ಇಡೀ ಫೋನಿನ ಉದ್ದ. ಈಗಾಗಲೇ ಒಳಗೆ ಅರ್ಧ ಡಜನ್ ಆಂಟೆನಾಗಳು ಜಾಗಕ್ಕೆ ಕಿತ್ತಾಡುತ್ತಿವೆ. ಇದರ ಜೊತೆ ಬೇರೆ ಫಿಲ್ಟರುಗಳೂ ಬೇಕು. ಖರ್ಚು ಇದ್ದೇ ಇದೆ. 30 ಡಾಲರ್ ಅನ್ನುವುದು ಮಾತ್ರ ಒಪ್ಪಲು ಕಷ್ಟ, ಅದು ವಿರೋಧ ಮಾಡುವವರೇ ಕೊಟ್ಟ ಲೆಕ್ಕ. ವೀಡಿಯೊ ಟ್ರಾಫಿಕ್ಕಿನಿಂದಲೇ ಡೇಟಾ ವ್ಯಾಪಾರ ನಡೆಯುತ್ತಿರುವಾಗ ಟೆಲಿಕಾಂ ಕಡೆಯವರು ಸುಮ್ನೆ ಕೂರುವುದಿಲ್ಲ ಅನ್ನುವುದನ್ನೂ ಮರೆಯಬಾರದು.

ಫೋನ್ ಕಂಪನಿಗಳನ್ನು ಒಪ್ಪಿಸಲು ಇನ್ನೊಂದು ದಾರಿ ಇದೆ. ಅದನ್ನು ತೋರಿಸಿದ್ದು ಇಸ್ರೊ. ಜಿಪಿಎಸ್ ಥರ ಜಾಗ ತೋರಿಸುವ ನಮ್ಮ ನಾವಿಕ್ ಉಪಗ್ರಹಗಳು ಮೊದಲು ಸಿಗ್ನಲ್ ಕಳಿಸುತ್ತಿದ್ದದ್ದು ಎಲ್5 ಮತ್ತು ಎಸ್ ಅನ್ನುವ ಬ್ಯಾಂಡುಗಳಲ್ಲಿ, ಅಂದ್ರೆ ಅಲೆಗಳಿಗೆ ಗೊತ್ತು ಮಾಡಿದ ಜಾಗಗಳಲ್ಲಿ. ಬಹುಪಾಲು ಫೋನುಗಳಲ್ಲಿ ಇದ್ದದ್ದು ಜಿಪಿಎಸ್‌ನ ಎಲ್1 ಬ್ಯಾಂಡಿನ ರಿಸೀವರ್. ಹೊಸ ಫೋನುಗಳಲ್ಲಿ ನಾವಿಕ್ ಇರಲಿ ಅಂತ 2022ರಲ್ಲಿ ಸರ್ಕಾರ ಒತ್ತಾಯ ಮಾಡಿದಾಗ ಕಂಪನಿಗಳು ಖರ್ಚು, ಸಮಯ ಅಂತ ಗೊಣಗಿದವು. 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ಇಸ್ರೊ ಎಲ್1 ಸಿಗ್ನಲನ್ನೂ ಸೇರಿಸಿತು. ಫೋನು ನಮ್ಮ ಕಡೆ ಬರದಿದ್ದರೆ ಸಿಗ್ನಲನ್ನೇ ಫೋನಿನ ಕಡೆ ಒಯ್ಯುವುದು. ಅಹಂ ಬಿಟ್ಟು ಮಾಡಿದ ಜಾಣ ಕೆಲಸ ಅಂತ ನನ್ನ ಅನಿಸಿಕೆ.

ಇದಕ್ಕೆ ಉಲ್ಟಾ ಆದದ್ದು ಆಕಾಶವಾಣಿಯ ಡಿಜಿಟಲ್ ರೇಡಿಯೊದಲ್ಲಿ. ಡಿಜಿಟಲ್ ರೇಡಿಯೊ ಮೊಂಡಿಯಾಲ್ ಪದ್ಧತಿಯ 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ದೇಶದಲ್ಲಿ ಹಾಕಿದರು. ದನಿ ಸ್ವಚ್ಛ, ವಿದ್ಯುತ್ ಉಳಿತಾಯ, ಎಲ್ಲ ಸರಿ. ಕೇಳುವ ಸೆಟ್ಟು ಎಲ್ಲಿ? ಕೆಲವು ಹೊಸ ಕಾರುಗಳಲ್ಲಿ ಬಂದದ್ದು ಬಿಟ್ಟರೆ ಅಂಗಡಿಯಲ್ಲಿ ಕೈಗೆಟಕುವ ಬೆಲೆಗೆ ಸೆಟ್ಟು ಸಿಗಲೇ ಇಲ್ಲ. ಹೊಲದಲ್ಲಿ ಕೃಷಿರಂಗ ಕೇಳುವವರು ಕಾರು ಕೊಳ್ಳಬೇಕೇ? ಡಿ2ಎಂಗೂ ಇದೇ ಗತಿ ಬರುವ ಭಯ ಇದೆ.

ಹಾಗಾದರೆ ಕಡ್ಡಾಯ ಮಾಡಿಬಿಡುವುದೇ? ಎಫ್‌ಎಂ ವಿಷಯದಲ್ಲಿ ನನ್ನ ಉತ್ತರ ಹೌದು. ಚಿಪ್ ಇರುವ ಫೋನಿನಲ್ಲಿ ಅದನ್ನು ಮುಚ್ಚಬಾರದು ಅನ್ನುವುದನ್ನು ಸಲಹೆಯಿಂದ ನಿಯಮಕ್ಕೆ ಏರಿಸಿದರೆ ಕಂಪನಿಗಳಿಗೆ ಹೇಳಿಕೊಳ್ಳುವಂಥ ನಷ್ಟ ಇಲ್ಲ. ಟ್ರಾನ್ಸ್‌ಮಿಟರುಗಳು ಈಗಾಗಲೇ ಊರೂರಲ್ಲಿ ನಡೆಯುತ್ತಿವೆ. ಡಿ2ಎಂ ವಿಷಯದಲ್ಲಿ ಅಷ್ಟು ಅವಸರ ಬೇಡ. ಮೊದಲು ಕೆಲವು ಅಗ್ಗದ ಫೋನುಗಳಲ್ಲಿ ಬರಲಿ. ಕಟ್ಟಡದೊಳಗೆ, ಬಸ್ಸಿನಲ್ಲಿ, ಮಲೆನಾಡಿನ ಕಣಿವೆಯಲ್ಲಿ ಹೇಗೆ ಹಿಡಿಯುತ್ತದೆ ಅಂತ ಜನರೇ ನೋಡಲಿ.

ಕಡ್ಡಾಯಕ್ಕಿಂತ ಮೊದಲು ತೀರ್ಮಾನ ಆಗಬೇಕಾದ್ದು ಬೀಗದ ವಿಷಯ. ಕೇಬಲ್‌ನಲ್ಲಿ ನಾವು ಇದನ್ನು ಅನುಭವಿಸಿದ್ದೇವೆ. 2013ರಲ್ಲಿ ಬೆಂಗಳೂರು, ಮೈಸೂರಿನಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಎಲ್ಲ ಬಾಕ್ಸುಗಳೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ, ಬೀಗ ಮಾತ್ರ ಬೇರೆ ಬೇರೆ. ಅದಕ್ಕೇ ಆಪರೇಟರ್ ಬದಲಿಸಿದರೆ ಒಳ್ಳೇ ಬಾಕ್ಸು ಅಟ್ಟ ಸೇರುತ್ತದೆ. ಒಂದೇ ಬಾಕ್ಸು ಎಲ್ಲರಲ್ಲೂ ನಡೆಯಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತು. ಅದು ಮನೆಗಳವರೆಗೆ ಬರಲಿಲ್ಲ. ಇದಕ್ಕೆ ಎದುರಾಗಿ ಡಿಡಿ ಫ್ರೀ ಡಿಶ್ ನೋಡಿ. ಬಹುಪಾಲು ಚಾನೆಲ್ಲುಗಳಿಗೆ ಬೀಗ ಇಲ್ಲ, ತಿಂಗಳ ಬಾಡಿಗೆ ಇಲ್ಲ, ಸಂತೆಯಲ್ಲಿ ಸಿಗುವ ಯಾವುದೋ ಬಾಕ್ಸು ಸಾಕು. ಯಾವ ಕಂಪನಿಯೂ ಮನೆಮನೆಗೆ ಬಂದು ಮಾರದೆ ಅದು ಕೋಟ್ಯಂತರ ಮನೆ ಮುಟ್ಟಿದೆ.

ಎಟಿಎಸ್‌ಸಿ 3.0 ಹುಟ್ಟಿದ ಅಮೆರಿಕದಲ್ಲಿ ಈಗ ನಡೆಯುತ್ತಿರುವ ಜಗಳವೂ ಬೀಗದ್ದೇ. 2017ರಲ್ಲಿ ಎಫ್‌ಸಿಸಿ ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಪ್ರಸಾರ ಸಂಸ್ಥೆಗಳು, ಆಂಟೆನಾದಲ್ಲಿ ಪುಕ್ಕಟೆ ಬರುವ ಚಾನೆಲ್ಲುಗಳಿಗೇ ಬೀಗ ಹಾಕಲು ಶುರು ಮಾಡಿದವು. ದುಡ್ಡು ಕೊಟ್ಟು ಟ್ಯೂನರ್ ಕೊಂಡ ಎಷ್ಟೋ ಜನರ ಪೆಟ್ಟಿಗೆಗಳು ಅಲೆಯನ್ನು ಸರಿಯಾಗಿ ಡೀಮಾಡ್ಯುಲೇಟ್ ಮಾಡುತ್ತವೆ, ಚಿತ್ರ ತೋರಿಸಲಾರವು. ದೂರುಗಳು ಎಫ್‌ಸಿಸಿ ಮುಂದೆ ರಾಶಿ ಬಿದ್ದಿವೆ. ಉಪಕರಣ ಮನೆ ಸೇರಿದ ಮೇಲೆ ನಿಯಮ ಹುಡುಕಲು ಹೊರಟದ್ದರ ಫಲ ಇದು. ನಮ್ಮಲ್ಲಿ ಇನ್ನೂ ಫೋನು ಮನೆ ಸೇರಿಲ್ಲ, ಸ್ಪೆಕ್ಟ್ರಮ್ ಪೂರ್ತಿ ಹಂಚಿಲ್ಲ. ಸಾರ್ವಜನಿಕ ಜಾಗದಲ್ಲಿ ಹೋಗುವ ದೂರದರ್ಶನ, ಆಕಾಶವಾಣಿ, ಶಾಲೆಯ ಪಾಠ, ತುರ್ತು ಎಚ್ಚರಿಕೆ ಇವಕ್ಕೆ ಬೀಗ ಇರುವುದಿಲ್ಲ ಅಂತ ಪರವಾನಗಿಯ ಕಾಗದದಲ್ಲೇ ಬರೆಯಲು ಈಗ ಒಂದು ಸಾಲು ಸಾಕು. ಚಿಪ್ ಇರುವ ಫೋನುಗಳು ಅಂಗಡಿಗೆ ಬಂದ ಮೇಲೆ ಅದೇ ಸಾಲಿಗೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ.